ಅಂಗೈಯಗಲ ಚಹಾ ಕಲೆ

ಆಕೆಯನ್ನು ಎಲ್ಲರೂ ಎಡಚಿ ಎಂದೇ ಕರೆಯುತ್ತಿದ್ದರು. ತಮಾಷೆ ಏನೆಂದರೆ, ಐವತ್ತು ವರ್ಷದಿಂದ ಅವಳು ಉಂಡದ್ದು, ಹೊಲಿದದ್ದು, ಸಹಿ ಹಾಕಿದ್ದು, ಕೊನೆಗೆ ಸೊಳ್ಳೆ ಹೊಡೆದದ್ದು ಕೂಡ ಬಲಗೈಯಲ್ಲೇ. ಒಂಬತ್ತು ವರ್ಷದವಳಿದ್ದಾಗ ಅಪ್ಪ ಅವಳ ಎಡಗೈಯನ್ನು ಸೆರಗಿನ ತುಂಡಿನಿಂದ ಬೆನ್ನ ಹಿಂದೆ ಕಟ್ಟಿಸಿ ಬಲಗೈ ಪಳಗಿಸಿದ್ದ. ಕೈ ಬದಲಾಯಿತು, ಹೆಸರು ಬದಲಾಗಲಿಲ್ಲ.

ಅವಳ ಕೆಲಸ ಹಳೆಯ ಪರ್ಷಿಯಾದ ರತ್ನಗಂಬಳಿಗಳನ್ನು ಸರಿಮಾಡುವುದು. ಅಪ್ಪನದೂ ಅದೇ ಕೆಲಸ, ಅಕ್ಕನದೂ ಅದೇ. ಅಂಗಡಿಯ ಮುಂಭಾಗದಲ್ಲಿ ಗಾಜು, ದೀಪ, ಮೆತ್ತನೆಯ ಕುರ್ಚಿ. ಹಿಂಭಾಗದಲ್ಲಿ ಒಂದೇ ಕಿಟಕಿಯ ಕೋಣೆ. ಗೋಡೆಯ ಮೊಳೆಗಳಿಗೆ ನೂರಾರು ಬಣ್ಣದ ಉಣ್ಣೆಯ ಲಡಿ, ಕೆಳಗೆ ಒಂದು ಮಣೆ, ಮಣೆಯ ಮೇಲೆ ಎಡಚಿ. ಅವಳು ಕೂತು ಕೂತು ಆ ಮಣೆಯ ನಡುವೆ ತಟ್ಟೆಯಷ್ಟು ಗುಂಡಿ ಬಿದ್ದಿತ್ತು.

ಮುಂದೆ ಯಜಮಾನರು ಗಿರಾಕಿಗಳಿಗೆ ಹೇಳುತ್ತಿದ್ದುದು ದಿನಾ ಒಂದೇ ಪಾಠ: "ನೋಡಿ ಸಾರ್, ತುಳಿದಷ್ಟೂ ಹೊಳಪು ಬರೋ ವಸ್ತು ಪ್ರಪಂಚದಲ್ಲಿ ಇದೊಂದೇ. ಮನುಷ್ಯರನ್ನ ತುಳಿದ್ರೆ ಹೀಗೆ ಆಗ್ತಾರಾ?" ಹಿಂದೆ ಕೂತ ಎಡಚಿಗೆ ಹೊಳಪಿನ ಗೊಡವೆಯಿಲ್ಲ. ಅವಳು ಮೊದಲು ಕಂಬಳಿಯನ್ನು ಮಗುಚುತ್ತಿದ್ದಳು. ಬೆನ್ನು ನೋಡಿದರೆ ಸಾಕು, ಅದರ ಜಾತಕವೇ ಸಿಗುತ್ತಿತ್ತು. ಉದ್ದಕ್ಕೆ ಓಡುವ ಹಾಸು, ಅಡ್ಡಕ್ಕೆ ಓಡುವ ಹೊಕ್ಕು, ಅವುಗಳ ನಡುವೆ ಸಾಸಿವೆಯಂತೆ ಕೂತ ಗಂಟುಗಳು. ಯಾವ ಸಾಲಿನಲ್ಲಿ ನೇಯುವವಳಿಗೆ ನಿದ್ದೆ ಬಂದಿತ್ತು, ಎಲ್ಲಿ ನೀಲಿ ಮುಗಿದು ಹೊಸ ಹಂಡೆಯಲ್ಲಿ ಬಣ್ಣ ಹಾಕಿದರು, ಎಲ್ಲಿ ಒಬ್ಬಳು ಎದ್ದು ಇನ್ನೊಬ್ಬಳು ಕೂತಳು, ಎಲ್ಲವೂ ಅಲ್ಲಿ ಬರೆದಿಟ್ಟ ಹಾಗೆ. ನೂರು ವರ್ಷದ ಹಿಂದೆ ಸತ್ತವರ ಬೆರಳಿನ ಬಿಗಿ ಇವಳ ಬೆರಳಿಗೆ ತಿಳಿಯುತ್ತಿತ್ತು.

ತಿಳಿಯುತ್ತಿತ್ತು, ಅಷ್ಟೇ. ಮೂರು ತಿಂಗಳಿಂದ ತಿಳಿಯುವುದೊಂದು ಬಿಟ್ಟರೆ ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಅಕ್ಕ ತೀರಿಕೊಂಡು ಮೂರು ತಿಂಗಳು. ಆವತ್ತು ಬಂದವರೆಲ್ಲ ಇವಳ ಹೆಗಲು ಹಿಡಿದು ಅತ್ತರು. ಇವಳು ಅವರ ಬೆನ್ನು ತಟ್ಟಿ ಸಮಾಧಾನ ಮಾಡಿ ಕಳಿಸಿದಳು. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಕಾಲು ಇರುತ್ತದೆ, ಆದರೆ ತನ್ನದಲ್ಲ ಎನ್ನುವ ಹಾಗೆ? ಅವಳಿಗೆ ಇಡೀ ಮೈಗೆ ಹಾಗಾಗಿತ್ತು. ಹಸಿವಾದರೆ ಉಣ್ಣುತ್ತಿದ್ದಳು, ಕತ್ತಲಾದರೆ ಮಲಗುತ್ತಿದ್ದಳು, ಯಾರಾದರೂ ನಕ್ಕರೆ ನಗುತ್ತಿದ್ದಳು.

ಹೀಗಿರುವಾಗ ಕಣ್ಣಿನ ಡಾಕ್ಟರರ ಕಂಬಳಿ ಬಂತು.

ಅದು ಅವರ ತಾಯಿಯದು. ಮೂವತ್ತು ವರ್ಷ ಅದರ ಮೂಲೆಯಲ್ಲಿ ಒಂದು ಹೂಕುಂಡ ಇಟ್ಟಿದ್ದರಂತೆ. ನೀರು ಇಳಿದು ಇಳಿದು ಅಡಿಯ ನೂಲೆಲ್ಲ ಕೊಳೆತು, ಕುಂಡ ಎತ್ತಿದಾಗ ಅದರ ಜೊತೆಗೆ ಕಂಬಳಿಯ ತುಂಡೂ ಎದ್ದು ಬಂತು. ಎಡಚಿ ಹದಿನೈದು ದಿನ ಕೂತು ಹಾಸು ಹೊಕ್ಕು ಹೊಸದಾಗಿ ಕಟ್ಟಿದಳು. ನೀಲಿ ಎಲೆ ತುಂಬಿದಳು, ಕೆನೆಬಣ್ಣದ ಹೂ ತುಂಬಿದಳು. ಉಳಿದದ್ದು ಹಿನ್ನೆಲೆಯ ಕೆಂಪು, ಎರಡು ಸಾವಿರ ಗಂಟಿನಷ್ಟು.

ಆ ಕೆಂಪೇ ಸಿಗಲಿಲ್ಲ. ಮಂಜಿಷ್ಠೆಯ ಬೇರು ಕುದಿಸಿ ಮೂರು ಸಲ ಉಣ್ಣೆ ಅದ್ದಿದ್ದಾಯಿತು. ಡಾಕ್ಟರರು ಭೂತಗನ್ನಡಿ ಹಿಡಿದು ಮಂಡಿಯೂರಿ ನೋಡಿ ಮೂರನ್ನೂ ತಳ್ಳಿಹಾಕಿದರು.

"ಇದು ಟೊಮೆಟೊ," ಎಂದರು ಮೊದಲನೆಯದಕ್ಕೆ. ಎರಡನೆಯದಕ್ಕೆ "ಇದು ಇಟ್ಟಿಗೆ." ಮೂರನೆಯದಕ್ಕೆ "ಇದೇನ್ರೀ, ಕಣ್ಣು ಬೇನೆ ಬಂದ ಹಾಗಿದೆ. ನಾನು ದಿನಾ ನೋಡೋದೇ ಇದನ್ನ."

"ನೂರು ವರ್ಷದ ಕೆಂಪು ಸಾರ್, ನಿನ್ನೆ ಮೊನ್ನೆ ಅದ್ದಿದ್ರೆ ಬರಲ್ಲ," ಎಂದಳು ಎಡಚಿ.

"ಬರದೇ ಇದ್ರೆ ಹಾಗೇ ಕೊಟ್ಬಿಡಿ. ಮುಂದಿನ ಶನಿವಾರದ ತನಕ ನೋಡ್ತೀನಿ. ತಾಯಿ ಕಂಬಳೀಲಿ ತೇಪೆ ಕಂಡ್ರೆ ನನಗೆ ತಡೆಯೋಕಾಗಲ್ಲ."

ಡಾಕ್ಟರರು ಹೋದ ಮೇಲೆ ಯಜಮಾನರು ಹಿಂದಿನ ಕೋಣೆಗೆ ಬಂದು ಬಾಗಿಲ ಚೌಕಟ್ಟು ಕೆರೆಯುತ್ತ ನಿಂತರು. ಇವರು ಹಳೆಯ ಯಜಮಾನರ ಮಗ, ಎಡಚಿಯ ಕಣ್ಣ ಮುಂದೆಯೇ ಹುಟ್ಟಿ ಬೆಳೆದವರು.

"ಎಡಚಮ್ಮ, ಇದೂ ವಾಪಸ್ ಹೋದ್ರೆ... ವರ್ಷದಲ್ಲಿ ಇದು ನಾಲ್ಕನೇದು. ಈ ಕೋಣೆ ಸುಮ್ನೆ ಇಟ್ಕೊಳ್ಳೋಕಾಗಲ್ಲ. ಗೋಡೌನ್ ಮಾಡ್ಬೇಕಾಗುತ್ತೆ."

"ಮಾಡಿ," ಎಂದಳು ಎಡಚಿ.

"ಮಾಡಿ ಅಂದ್ರೆ? ಒಂದ್ ಮಾತಾದ್ರೂ ಬೈಯಮ್ಮ!"

ಅಂಗಳದಲ್ಲಿ ಕಂಬಳಿ ತೊಳೆಯುವ ಬಕೆಟ್ಟಣ್ಣ ಕಿಟಕಿಯಿಂದಲೇ ಬಾಯಿ ಹಾಕಿದ. ದಿನವಿಡೀ ಬಕೆಟ್ಟು ಹಿಡಿದಿರುವುದಕ್ಕೆ ಆ ಹೆಸರು. "ಆಕೆ ಬೈಯೋದ್ ನಿಲ್ಸಿ ಮೂರು ತಿಂಗಳಾಯ್ತು ಯಜಮಾನ್ರೇ. ನನಗೂ ಹೊಟ್ಟೆ ತುಂಬ್ತಿಲ್ಲ."

ಎಡಚಿ ಬೆಳಕಿಗೆ ಆ ಕೆಂಪನ್ನು ಹಿಡಿದು ನೋಡುತ್ತಿದ್ದಳು. ಒಣಗಿದ ದಾಳಿಂಬೆ ಕಾಳಿನ ಕೆಂಪು, ತಳದಲ್ಲಿ ಒಂದಿಷ್ಟು ನೀಲಿಯ ನೆರಳು. ಇಂಥದ್ದನ್ನು ಅವಳು ಇನ್ನೊಂದೇ ಕಡೆ ನೋಡಿದ್ದಳು. ಅದು ಮನೆಯಲ್ಲಿತ್ತು, ಅಕ್ಕನ ಮಂಚದ ಪಕ್ಕದಲ್ಲಿ.

*

ಮನೆಯೆಂದರೆ ಮೂರನೇ ಮಹಡಿಯ ಎರಡು ಕೋಣೆ. ಅಲ್ಲಿ ಎಡಚಿ ಮತ್ತು ಅಕ್ಕನ ಮಗಳು. ಅಕ್ಕನ ಮಗಳು ಬಸ್ ಕಂಡಕ್ಟರು. ದಿನವಿಡೀ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಕೂಗಿ ಕೂಗಿ ಗಂಟಲು ತಗಡಾಗಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಟಿಕೆಟ್ ಕೇಳಿದ ಹಾಗೆ ಕೇಳುತ್ತಿದ್ದಳು.

ಅಕ್ಕನ ಕಂಬಳಿ ಅಜ್ಜಿಯ ಕಾಲದ್ದು. ಚಿಕ್ಕದು, ಒಬ್ಬರು ಕಾಲು ಚಾಚಿ ಮಲಗುವಷ್ಟು. ಪೇಟೆಯ ನಾಜೂಕು ಅದಕ್ಕಿಲ್ಲ. ಗುಡ್ಡಗಾಡಿನ ಯಾವಳೋ ಕುರಿ ಕಾಯುತ್ತ ನೇಯ್ದದ್ದು, ಉದ್ದ ರೋಮ, ದಪ್ಪ ನೂಲು. ಆದರೆ ಕೆಂಪು ಮಾತ್ರ ಅದೇ ಕೆಂಪು. ಮೂಲೆಯಲ್ಲಿ ಅಂಗೈಯಗಲ ಒಂದು ಕಪ್ಪು ಕಲೆ, ಅದರ ಮೇಲೆ ಯಾವತ್ತೂ ಅಕ್ಕನ ಟ್ರಂಕು.

ಆ ಕಲೆಯ ಕತೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆ ಮೂಲೆಯನ್ನು ಹಿಂದೆ ಇಲಿ ಕಡಿದಿತ್ತು. ಹದಿನೈದು ವರ್ಷದ ಅಕ್ಕ ಅಜ್ಜಿ ಉಳಿಸಿಟ್ಟಿದ್ದ ಅದೇ ಹಳೆಯ ಕೆಂಪು ಉಣ್ಣೆಯಿಂದ ಅದನ್ನು ತುಂಬಲು ಕೂತಾಗ ಪಕ್ಕದಲ್ಲಿ ಕೂತ ಒಂಬತ್ತರ ಎಡಚಿ ನಾನೂ ಕಟ್ಟುತ್ತೇನೆ ಎಂದು ಹಟ ಹಿಡಿದಳು. ಅಕ್ಕ ಕಟ್ಟಗೊಟ್ಟಳು. ಒಂದು ವಾರ ಎಡಚಿ ಎಡಗೈಯಲ್ಲಿ ಗಂಟು ಹಾಕಿದ್ದೇ ಹಾಕಿದ್ದು. ಅಪ್ಪ ನೋಡಿ ಕೆಂಡವಾದ: "ಎಡಗೈ ಗಂಟು ಒಂದೂ ಈ ಮನೇಲಿರಬಾರದು. ಎಲ್ಲಾ ಬಿಚ್ಚಿ ನೀನೇ ಹಾಕು." ಅಕ್ಕ ಆಯಿತಪ್ಪ ಎಂದಳು. ನಾಲ್ಕು ದಿನ ಬಿಟ್ಟು ಬಿಚ್ಚಿ ಹಾಕಿದೆ ಎಂದಳು. ಅಪ್ಪ ನೋಡಲು ಬಂದು ಬಾಗಿಲಲ್ಲಿ ನಿಂತರೆ ಮೂಲೆ ಕಪ್ಪಗೆ ಕಾಣುತ್ತಿದೆ, ಹಬೆ ಏಳುತ್ತಿದೆ, ಪಕ್ಕದಲ್ಲಿ ಖಾಲಿ ಲೋಟ. "ಚಹಾ ಚೆಲ್ಲಿಬಿಟ್ಟೆ ಅಪ್ಪಾ," ಎಂದಳು ಅಕ್ಕ. ಅಪ್ಪ ಅಕ್ಕನಿಗೆ ಕೊಟ್ಟ ಏಟಿನ ಸದ್ದು ಎಡಚಿಗೆ ಇನ್ನೂ ನೆನಪಿತ್ತು. ಒದ್ದೆ ಕಂಬಳಿ ಹಗ್ಗದ ಮೇಲೆ ಬಿದ್ದಂಥ ಸದ್ದು. ಎಷ್ಟು ತೊಳೆದರೂ ಕಲೆ ಹೋಗಲಿಲ್ಲ.

ಅಂದಿನಿಂದ ಎಡಚಿ ಅಕ್ಕನಿಗೆ ಇಟ್ಟ ಹೆಸರು ಚೆಲ್ಲುಬುರುಕಿ. ಅಕ್ಕ ಚಹಾ ತಂದಾಗಲೆಲ್ಲ "ಹುಷಾರು ಚೆಲ್ಲುಬುರುಕಿ, ಹುಷಾರು" ಎನ್ನುವುದು. ಅಕ್ಕ ನಗುವುದು. ಐವತ್ತು ವರ್ಷ ಇದೇ ನಡೆಯಿತು. ಅಕ್ಕ ಕಂಠದ ತನಕ ತುಂಬಿದ ಲೋಟವನ್ನು ಒಲೆಯಿಂದ ಎಡಚಿಯ ಕೈಗೆ ತಂದಿಡುತ್ತಿದ್ದಳು, ಕಣ್ಣು ಕೂಡ ಲೋಟದ ಮೇಲಿಡದೆ.

"ಅಮ್ಮನ ಕಂಬಳಿ ಬಿಚ್ತೀಯಾ?" ಅಕ್ಕನ ಮಗಳು ಟಿಕೆಟ್ ಚೀಲವನ್ನು ಕೆಳಗಿಡಲೂ ಮರೆತಳು. "ಇನ್ನೊಬ್ಬರ ಕಂಬಳಿಗೆ ಹಾಕೋಕೆ?"

"ಹಳೇದಕ್ಕೆ ಹಳೇ ಉಣ್ಣೆನೇ ಬೇಕು. ನಮ್ಮ ಕಸುಬೇ ಹಾಗೆ. ಒಂದು ಸತ್ತು ಇನ್ನೊಂದು ಬದುಕ್ಬೇಕು."

"ನಿನಗೆ ಏನೂ ಅನ್ಸಲ್ವಾ ಚಿಕ್ಕಮ್ಮ?"

ಎಡಚಿ ಯೋಚಿಸಿ ನೋಡಿದಳು. ಅಲ್ಮೇರಾದಲ್ಲಿ ಏನಾದರೂ ಇದೆಯೇ ಎಂದು ಕೈ ಆಡಿಸಿದ ಹಾಗೆ. "ಇಲ್ಲ."

ಹುಡುಗಿ ಸಿಟ್ಟಿನಲ್ಲಿ ಅಡುಗೆಮನೆಗೆ ಹೋದಳು. ಎರಡು ಪಾತ್ರೆ ಕುಕ್ಕಿದಳು. ಮತ್ತೆ ಬಂದಳು. "ಬಿಚ್ಚಲೇಬೇಕು ಅಂದ್ರೆ ಆ ಕಲೆ ಇರೋ ಮೂಲೆ ಬಿಚ್ಕೋ. ಅದು ಹೇಗೂ ಕೆಟ್ಟಿರೋದು. ಒಳ್ಳೇ ಕಡೆ ಒಂದೇ ಒಂದು ನೂಲು ಮುಟ್ಟಿದ್ರೂ ನಾನು ಸುಮ್ನಿರಲ್ಲ."

ಮಾತು ಸರಿಯಾಗಿತ್ತು. ಕೆಟ್ಟದ್ದನ್ನು ಬಿಚ್ಚಿ ಒಳ್ಳೆಯದನ್ನು ಉಳಿಸುವುದು ಯಾರಿಗಾದರೂ ತಿಳಿಯುವ ಲೆಕ್ಕ. ಎಡಚಿ ಟ್ರಂಕು ಸರಿಸಿದಳು.

*

ಮೊದಲು ಒಂದು ಎಳೆ ಕಿತ್ತು ಬಿಸಿನೀರಿಗೆ ಹಾಕಿದಳು, ಚಹಾ ಬಿಡಲಿ ಎಂದು. ನೀರು ತಿಳಿಯಾಗೇ ಉಳಿಯಿತು. ಎಳೆ ಕಿಟಕಿಯ ಬೆಳಕಿನಲ್ಲಿ ನಿಗಿನಿಗಿ ಕೆಂಪು. ಒಳ್ಳೆಯದಾಯಿತು ಎಂದುಕೊಂಡಳು, ಅಷ್ಟಕ್ಕೇ ಬಿಟ್ಟಳು.

ಗಂಟು ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಚಿಮುಟದಲ್ಲಿ ಬಲಬದಿಯ ತುದಿ ಹಿಡಿದು ಎಳೆದರೆ ಗಂಟು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರಬೇಕು. ಇವು ಬರಲಿಲ್ಲ. ಎಳೆದಷ್ಟೂ ಬಿಗಿದುಕೊಂಡವು. ಚಹಾ ಅಂಟಿ ಹಿಡಿದಿರಬೇಕು ಎಂದುಕೊಂಡು ಅವಳು ಚಿಮುಟವನ್ನು ಎಡಗೈಗೆ ಬದಲಿಸಿ ಆ ಬದಿಯಿಂದ ಎಳೆದಳು. ಸರಕ್ಕನೆ ಬಂತು. ಇನ್ನೊಂದು, ಮತ್ತೊಂದು. ಹೇಗೆ ಬಂತು, ಯಾಕೆ ಬಂತು ಎಂದು ಕೇಳಿಕೊಳ್ಳಲಿಲ್ಲ. ಬೇರೆ ದಿನಗಳಾಗಿದ್ದರೆ ಕೇಳಿಕೊಳ್ಳುತ್ತಿದ್ದಳು. ಯಾವುದೇ ಕಂಬಳಿಯ ಬೆನ್ನನ್ನು ಮೊದಲು ನೋಡುವವಳು ತನ್ನ ಮನೆಯದನ್ನು ಐವತ್ತು ವರ್ಷದಲ್ಲಿ ಒಮ್ಮೆಯೂ ಮಗುಚಿ ನೋಡಿರಲಿಲ್ಲ. ಚಮ್ಮಾರನ ಚಪ್ಪಲಿ ಯಾವತ್ತೂ ಹರಿದದ್ದೇ.

ದಪ್ಪ ನೂಲು ಬಿಡಿಸಿದರೆ ಒಂದರಿಂದ ಎರಡು ಎಳೆ. ಸಾವಿರ ಗಂಟು ಬಿಚ್ಚಿದರೆ ಎರಡು ಸಾವಿರ ಕಟ್ಟಬಹುದು. ಮನೆಯಲ್ಲಿ ಸಂಜೆ ಬಿಚ್ಚಿದಳು, ಅಂಗಡಿಯಲ್ಲಿ ಹಗಲು ಕಟ್ಟಿದಳು. ಕೊಕ್ಕೆಸೂಜಿ ಒಳಗೆ, ಹೊರಗೆ, ಬಾಚಣಿಗೆಯಲ್ಲಿ ಒಂದು ಏಟು, ಕತ್ತರಿಯಲ್ಲಿ ಒಂದು ಕಚ್ಚು. ಹಳೆಯ ಕೆಂಪು ಹಳೆಯ ಕೆಂಪಿನ ಪಕ್ಕದಲ್ಲಿ ಕೂತು, ಎಲ್ಲಿತ್ತು ಗುಂಡಿ ಎಂದು ಅವಳೇ ಹುಡುಕುವ ಹಾಗಾಯಿತು. ಯಜಮಾನರು ಗಂಟೆಗೊಮ್ಮೆ ಬಂದು ನೋಡಿ ಕೈ ಉಜ್ಜಿಕೊಂಡು ಹೋದರು.

ಶುಕ್ರವಾರ ಇನ್ನೂ ನೂರು ಗಂಟು ಬಾಕಿಯಿತ್ತು. ಮನೆಗೆ ಹೋಗಿ ಬಿಚ್ಚಿ ಬರುವಷ್ಟು ಹೊತ್ತಿಲ್ಲವೆಂದು ಅವಳು ಬೆಳಿಗ್ಗೆಯೇ ಅಕ್ಕನ ಕಂಬಳಿ ಸುತ್ತಿಕೊಂಡು ಬಂದಿದ್ದಳು. ಎಡ ತೊಡೆಯ ಮೇಲೆ ಅದು, ಬಲ ತೊಡೆಯ ಮೇಲೆ ಡಾಕ್ಟರರದು. ಒಂದು ಬಿಚ್ಚು, ಒಂದು ಕಟ್ಟು. ಒಂದು ಬಿಚ್ಚು, ಒಂದು ಕಟ್ಟು. ಸಂಜೆ ಐದಕ್ಕೆ ಕೊನೆಯ ಗಂಟು ಬಿತ್ತು. ಕಟ್ಟಿದ್ದು ಯಾವ ಕೈ ಎಂದು ಯಾರಾದರೂ ಕೇಳಿದ್ದರೆ ಅವಳು ಬಲಗೈ ಎಂದೇ ಹೇಳುತ್ತಿದ್ದಳು.

*

ಶನಿವಾರ ಡಾಕ್ಟರರು ಬಂದರು. ಕಂಬಳಿಯನ್ನು ಅಂಗಡಿಯ ಮುಂಭಾಗದಲ್ಲಿ ಹಾಸಿದ್ದರು. ಭೂತಗನ್ನಡಿ ಹಿಡಿದು ಮಂಡಿಯೂರಿ ಮೂಲೆಯಿಂದ ಮೂಲೆಗೆ ತೆವಳಿದರು. ಯಜಮಾನರು ಉಸಿರು ಹಿಡಿದು ನಿಂತಿದ್ದರು.

"ಎಲ್ಲಿ ಮಾಡಿದ್ದೀರಮ್ಮ?"

"ನಿಮ್ಮ ಮಂಡಿ ಕೆಳಗೇ ಇದೆ ಸಾರ್."

ಡಾಕ್ಟರರು ಮಂಡಿ ಎತ್ತಿ ನೋಡಿದರು. ಕನ್ನಡಿ ಒರೆಸಿ ಮತ್ತೆ ನೋಡಿದರು. "ಕುಂಡ ಇಡೋಕ್ ಮುಂಚೆ ಹೀಗೇ ಇತ್ತು," ಎಂದರು ಮೆಲ್ಲಗೆ, ಯಾರಿಗೋ ಎನ್ನುವ ಹಾಗೆ. ಎದ್ದರು, ಮಂಡಿ ಕೊಡವಿದರು, ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿ ತಿರುಗಿದರು.

"ಅಲ್ಲೇನದು? ಕಪ್ಪಗೆ?"

ಎಲ್ಲರೂ ಬಾಗಿಲಿಗೆ ಹೋದರು. ಹೌದು. ಬಾಗಿಲಿಂದ ನೋಡಿದರೆ ತುಂಬಿದ ಕೆಂಪಿನ ಅಂಚಿನಲ್ಲಿ ಹೆಬ್ಬೆಟ್ಟಿನಷ್ಟು ಕಪ್ಪು ಕಲೆ.

ಯಜಮಾನರ ಮುಖ ಸುಣ್ಣವಾಯಿತು. "ಏ ಬಕೆಟ್ಟು! ಬೆಳಿಗ್ಗೆ ಇಲ್ಲಿ ಚಹಾ ಕುಡೀತಿದ್ದೆ ಅಲ್ವಾ? ಚೆಲ್ಲಿದ್ಯಾ?"

"ನಾನಾ? ದೇವರಾಣೆ ನಾನಲ್ಲ ಯಜಮಾನ್ರೇ, ಲೋಟದ ತಳ ನೆಕ್ಕೋ ಜಾತಿ ನಾನು, ಚೆಲ್ಲೋನಾ?"

"ಮತ್ತಿನ್ಯಾರು? ಚಹಾ ಕಲೆನೇ ಅದು, ಕಣ್ಣಿಗೆ ಕಾಣಲ್ವಾ?"

ಎಡಚಿ ಅಷ್ಟರಲ್ಲಿ ಕಂಬಳಿಯ ಹತ್ತಿರ ಹೋಗಿ ಕಿಟಕಿಯ ಕಡೆ ನಿಂತಿದ್ದಳು. ಅಲ್ಲಿಂದ ಕಲೆಯಿಲ್ಲ. ಆ ಜಾಗ ಸುತ್ತಲಿನದಕ್ಕಿಂತ ಒಂದು ಬಣ್ಣ ತಿಳಿಯಾಗೇ ಇದೆ. ಬಾಗಿ ಬೆರಳಾಡಿಸಿದಳು. ಸುತ್ತಲಿನ ರೋಮವೆಲ್ಲ ಒಂದು ಕಡೆಗೆ ಒರಗಿದೆ, ನಿನ್ನೆ ಕಟ್ಟಿದ ಈ ನಲವತ್ತು ಗಂಟು ಇನ್ನೊಂದು ಕಡೆಗೆ. ಬೆಕ್ಕಿನ ಮೈಯನ್ನು ಹಿಂದುಮುಂದಾಗಿ ಸವರಿದ ಹಾಗೆ.

ಬಾಗಿಲಿಂದ ಕಪ್ಪು. ಕಿಟಕಿಯಿಂದ ತಿಳಿ. ಎಷ್ಟು ತೊಳೆದರೂ ಹೋಗದ ಕಲೆ.

ಅವಳು ಆ ರೋಮವನ್ನು ಇನ್ನೊಮ್ಮೆ ಹಿಂದಕ್ಕೂ ಮುಂದಕ್ಕೂ ಸವರಿದಳು. ಹಿಂದೆ ಬಕೆಟ್ಟಣ್ಣ ಇನ್ನೂ ಆಣೆ ಹಾಕುತ್ತಿದ್ದ, ಯಜಮಾನರು ಇನ್ನೂ ಕೈ ಎತ್ತಿ ಮಾತಾಡುತ್ತಿದ್ದರು.

"ಬಿಡಿ ಅವನನ್ನ," ಎಂದಳು. "ಚಹಾ ಅಲ್ಲ ಅದು. ಎಡಗೈ ಗಂಟು. ನಾನೇ ಹಾಕಿದ್ದು."

"ನೀವಾ?" ಎಂದರು ಡಾಕ್ಟರರು. "ಎಡಗೈಲಿ ಹಾಕಿದ್ರೆ ತಪ್ಪಾ ಅದು?"

"ತಪ್ಪಲ್ಲ ಸಾರ್. ಗಂಟು ಗಟ್ಟಿನೇ. ಉಳಿದವು ಮಲಗೋ ಕಡೆ ಮಲಗಲ್ಲ, ಬಾಗಿಲಿಂದ ನೋಡಿದ್ರೆ ನೆರಳಿನ ಹಾಗೆ ಕಾಣುತ್ತೆ, ಅಷ್ಟೇ. ಒಂದು ಗಂಟೆ ಕೂತಿರಿ."

ಡಾಕ್ಟರರು ಚಪ್ಪಲಿ ಬಿಟ್ಟು ಕೂತರು. ಎಡಚಿ ನಲವತ್ತು ಗಂಟನ್ನೂ ಬಿಚ್ಚಿದಳು. ಎಡಗೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಡಬ್ಬಿಯ ತಳದಲ್ಲಿ ಉಳಿದಿದ್ದ ಎಳೆಗಳಿಂದ ಬಲಗೈಯಲ್ಲೇ ಮತ್ತೆ ಕಟ್ಟಿದಳು. ಡಾಕ್ಟರರು ಬಾಗಿಲಿಂದ ನೋಡಿದರು, ಕಿಟಕಿಯಿಂದ ನೋಡಿದರು, ಎರಡೂ ಕೈ ಮುಗಿದು ಹೋದರು. ಯಜಮಾನರು ಗೋಡೌನಿನ ಮಾತು ಎತ್ತಲಿಲ್ಲ. ತಾವೇ ಹೋಗಿ ಹಿಂದಿನ ಕೋಣೆಯ ಕಿಟಕಿ ಗಾಜು ಒರೆಸತೊಡಗಿದರು. ಎಡಚಿ ಅಕ್ಕನ ಕಂಬಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬೇಗನೆ ಹೊರಟಳು.

ಮನೆಯಲ್ಲಿ ಅದನ್ನು ಮೊದಲ ಸಲ ಬೆನ್ನು ಮೇಲೆ ಮಾಡಿ ಹಾಸಿದಳು.

ಅಂಗೈಯಗಲ ಜಾಗ ಬೋಳು. ಬರೀ ಹಾಸಿನ ಬಿಳಿ ನೂಲು, ಹಲ್ಲುದುರಿದ ಬಾಚಣಿಗೆಯ ಹಾಗೆ. ಅಂಚಿನಲ್ಲಿ ಒಂದೇ ಒಂದು ಸಾಲು ಉಳಿದಿತ್ತು. ಎಣಿಸಿದಳು. ಹನ್ನೊಂದು ಗಂಟು. ಒಂದು ದಪ್ಪ, ಒಂದು ಸಣ್ಣ, ಒಂದು ಪಕ್ಕದ ನೂಲನ್ನೂ ಸೇರಿಸಿ ಕಟ್ಟಿದ್ದು. ಒಂಬತ್ತು ವರ್ಷದ ಎಡಗೈ. ಉಳಿದದ್ದೆಲ್ಲ ಅವಳೇ ಎರಡೆರಡಾಗಿ ಸೀಳಿ ಡಾಕ್ಟರರ ಮನೆಗೆ ಕಳಿಸಿಯಾಗಿತ್ತು.

ಅಕ್ಕನ ಮಗಳು ಡ್ಯೂಟಿ ಮುಗಿಸಿ ಬಂದಾಗ ಚಿಕ್ಕಮ್ಮ ಬಾಗಿಲಲ್ಲೇ ನಿಂತು ಕಂಬಳಿಯನ್ನು ನೋಡುತ್ತಿದ್ದಳು.

"ಒಳಗೆ ಹೋಗಿ, ಒಳಗೆ ಹೋಗಿ," ಎಂದಳು ಹುಡುಗಿ ಅಭ್ಯಾಸಬಲದಿಂದ. ಆಮೇಲೆ ಮುಖ ನೋಡಿ, "ಏನಾಯ್ತು? ಕೆಲಸ ಹೋಯ್ತಾ?"

"ಇಲ್ಲ, ಉಳೀತು. ಅದು ಚಹಾ ಅಲ್ಲ ಕಣೇ."

"ಯಾವ್ದು?"

"ನಿಮ್ಮಮ್ಮ ನನ್ನ ಗಂಟು ಬಿಚ್ಚಲೇ ಇಲ್ಲ. ಎಡಗೈ ಗಂಟು ಬಾಗಿಲಿಂದ ಕಪ್ಪಗೆ ಕಾಣುತ್ತೆ, ಅದನ್ನ ಮುಚ್ಚೋಕೆ ಅಪ್ಪ ಬರೋ ಹೊತ್ತಿಗೆ ಸರಿಯಾಗಿ ಬೇಕೂಂತ ಅದರ ಮೇಲೆ ಚಹಾ ಹುಯ್ದಿದ್ದಾಳೆ."

ಹುಡುಗಿ ಚೀಲ ಇಳಿಸಿದಳು. ಬೋಳು ಮೂಲೆಯ ಪಕ್ಕ ಕೂತು ಉಳಿದ ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಅಮ್ಮ ಏನಾದ್ರೂ ಚೆಲ್ಲಿದ್ದನ್ನ ನಾನು ಒಂದ್ಸಲಾನೂ ನೋಡಿಲ್ಲ ಚಿಕ್ಕಮ್ಮ," ಎಂದಳು ಕೊನೆಗೆ. "ನೀನು ಚೆಲ್ಲುಬುರುಕಿ ಅಂದಾಗೆಲ್ಲ ಯಾಕೆ ಅಷ್ಟು ನಗ್ತಿದ್ಲು ಅಂತ ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಹೇಳಬಾರದಿತ್ತಾ ನನಗೆ?"

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಬೆಳಗಾಗೋದ್ರೊಳಗೆ ಬಿಚ್ಚಿ ಬಲಗೈಲಿ ಹಾಕಿರ್ತಿದ್ದೆ."

ಅದು ನಿಜ. ಎಡಚಿ ತಲೆಯಾಡಿಸಿದಳು.

"ಈಗಲಾದ್ರೂ ಅಳು ಬರ್ತಿದ್ಯಾ?"

"ಇಲ್ಲ."

"ಪರವಾಗಿಲ್ಲ," ಎಂದು ಹುಡುಗಿ ಒಲೆ ಹಚ್ಚಲು ಹೋದಳು.

ಭಾನುವಾರ ಅಂಗಡಿಗೆ ರಜೆ. ಎಡಚಿ ಹೋಗಿ ಕೀಲಿ ತೆಗೆದು ಡಾಕ್ಟರರು ತಳ್ಳಿಹಾಕಿದ್ದ ಮೂರು ಲಡಿಯನ್ನೂ ತಂದಳು. ಟೊಮೆಟೊ, ಇಟ್ಟಿಗೆ, ಕಣ್ಣುಬೇನೆ. ಅಕ್ಕನ ಮಂಚಕ್ಕೆ ಬೆನ್ನು ಕೊಟ್ಟು ಕೂತು ಬೋಳು ಮೂಲೆಯನ್ನು ತೊಡೆಗೆಳೆದುಕೊಂಡಳು. ಉಳಿದಿದ್ದ ಹನ್ನೊಂದು ಗಂಟಿನ ಪಕ್ಕದಲ್ಲೇ ಸೂಜಿ ಚುಚ್ಚಿದಳು. ಎಡಗೈಯಲ್ಲಿ.

ಕೈ ಬಹಳ ನಿಧಾನ. ಗಂಟೆಗೆ ಮೂವತ್ತೂ ಆಗುತ್ತಿರಲಿಲ್ಲ. ಒಂದು ದಪ್ಪ, ಒಂದು ಸಣ್ಣ. ಹೊಸ ಕೆಂಪು ಹಳೆಯದರ ಪಕ್ಕ ಕಿರುಚುತ್ತಿತ್ತು, ಯಾವ ಬಾಗಿಲಿಂದ ನೋಡಿದರೂ ಕಾಣುವ ಹಾಗೆ. ಹುಡುಗಿ ಕಂಠದ ತನಕ ತುಂಬಿದ ಲೋಟ ಹಿಡಿದು ಅಡುಗೆಮನೆಯಿಂದ ಹೊರಟಳು. ಅವಳಿಗೆ ತಾಯಿಯ ಕೈ ಬಂದಿರಲಿಲ್ಲ. ಮಂಚದ ಹತ್ತಿರ ಬರುವಷ್ಟರಲ್ಲಿ ಅರ್ಧ ಲೋಟ ನೆಲದ ಮೇಲಿತ್ತು.

"ಹುಷಾರು..." ಎಂದು ಶುರುಮಾಡಿದ ಎಡಚಿ ಮುಂದಿನ ಮಾತು ಆಡಲಿಲ್ಲ. ಬಲಗೈಯಲ್ಲಿ ಲೋಟ ತೆಗೆದುಕೊಂಡಳು. ಎಡಗೈಯ ಬೆರಳ ತುದಿಗಳು ಜುಮ್ಮೆನ್ನುತ್ತಿದ್ದವು, ಜೋಮು ಬಿಡುವಾಗ ಆಗುವ ಹಾಗೆ, ನೋವೂ ಅಲ್ಲ, ಕಚಗುಳಿಯೂ ಅಲ್ಲ. ಅವಳು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು ಮುಂದಿನ ಗಂಟು ಹಾಕಿದಳು.